ನನ್ನ ಲಗ್ನಕ್ಕೆ ನಡೆದ ಮತದಾನ

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ. ದಿನಚರಿ ಬರೆಯುವವರಲ್ಲಿ ಒಂದು ದೋಷವಿರುತ್ತದೆ: ಎಣಿಸಿದ್ದೆಲ್ಲ ತಿಳಿದಂತೆಯೇ ಎಂದುಕೊಳ್ಳುತ್ತಾರೆ. ನನ್ನಲ್ಲಿ ಅದು ತುಸು ಹೆಚ್ಚು. ಈ ಸಲದ ಚುನಾವಣೆಯಲ್ಲಿ ಬೀಳಗಿಯ ನಮ್ಮ ಓಣಿಗೆ ಪ್ರಚಾರದ ಜೀಪು ಎಷ್ಟು ಸಲ ಬಂತು, ಅದರಲ್ಲಿ ನಿಂತವರು ಎಷ್ಟು ಸಲ ಕೈಮುಗಿದರು, ಎಲ್ಲ ನನ್ನ ದಿನಚರಿಯಲ್ಲಿದೆ. ‘ಬಂಧುಗಳೇ’ ಎಂದದ್ದು ಮೂವತ್ತೇಳು ಸಲ. ನಮ್ಮ ಕಡೆ ಬಂಧುಗಳನ್ನು ಯಾರೂ ಹಾಗೆ ಕರೆಯುವುದಿಲ್ಲ. ‘ಏನ್ರೀ ಯಪ್ಪಾ, ಆರಾಮ ಅದೀರಿ?’ ಎಂದಿದ್ದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಟ್ಟೆಯಿಂದೆದ್ದು ಚಹಾಕ್ಕೂ ಕರೆಯುತ್ತಿದ್ದಳು.

ಮತದಾರನಾಗಿ ನನಗೆ ಮೂರು ಅಭಿಪ್ರಾಯಗಳಿವೆ. ವೋಟು ಕೇಳುವವರು ನಮ್ಮ ಮಾತಿನಲ್ಲೇ ಕೇಳಬೇಕು. ಗೆದ್ದ ಮೇಲೂ ಊರಿಗೆ ಬರಬೇಕು. ಸರಕಾರವನ್ನೇ ಆರಿಸುವವರಿಗೆ ಸಂಗಾತಿಯನ್ನು ಆರಿಸುವ ಹಕ್ಕೂ ಇರಬೇಕು. ಮೊದಲೆರಡನ್ನು ಮನೆಯಲ್ಲಿ ಎಲ್ಲರೂ ಒಪ್ಪಿದರು. ಮೂರನೆಯದನ್ನು ಹೇಳಿದಾಗ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಏಕೆಂದರೆ ಅದರ ಬೆನ್ನಿಗೇ ನಾನು ಶೈಲಾಳ ಹೆಸರು ಹೇಳಿದ್ದೆ.

ಶೈಲಾ ಮುಧೋಳದ ನಮ್ಮ ಕಚೇರಿಯಲ್ಲಿ ನನ್ನ ಎದುರಿನ ಟೇಬಲ್ಲಿನವಳು, ಬನಹಟ್ಟಿಯ ನೇಕಾರರ ಮಗಳು. ‘ಅವ್ರು ಮಗ್ಗದ ಮಂದಿ, ನಾವು ಒಕ್ಕಲತನದವ್ರು. ಹ್ಯಾಂಗ ಕೂಡತೈತಿ?’ ಎಂದರು ಅಪ್ಪ. ಗಲಗಲಿಯ ಹತ್ತಿರವಿದ್ದ ನಮ್ಮ ಹೊಲ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅಪ್ಪ ಬೀಳಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಅವ್ವ ಒಳಗಿನಿಂದಲೇ, ‘ಹೊಲದಾಗ ಮೀನ ಈಸಾಡಾಕತ್ತಾವ, ಇವ್ರದಿನ್ನೂ ಒಕ್ಕಲತನ’ ಎಂದಳು.

ಹದಿನೈದು ದಿನ ಇದೇ ವಾದ. ಕೊನೆಗೆ ಗುಪ್ತ ಮತದಾನ ಮಾಡೋಣ, ಸೋತರೆ ಶೈಲಾಳ ಹೆಸರೆತ್ತುವುದಿಲ್ಲ ಎಂದೆ. ಆಯಿ ಮತ್ತು ನಮ್ಮ ಜೊತೆಗೇ ಇರುವ ಚಿಕ್ಕಪ್ಪ, ಅಂದರೆ ಕಾಕಾ, ತಮ್ಮ ಕಡೆ ಎಂಬ ಧೈರ್ಯದಿಂದ ಅಪ್ಪ ಒಪ್ಪಿದರು. ಆಯಿಗೆ ಓದು ಬಾರದ್ದರಿಂದ ಪ್ರತಿಯೊಬ್ಬರಿಗೂ ಒಂದು ಜೋಳದ ಕಾಳು, ಒಂದು ಪುಠಾಣಿ, ಅಂದರೆ ಹುರಿಗಡಲೆ, ಕೊಟ್ಟೆ. ದೇವರ ಕೋಣೆಯಲ್ಲಿ ಸ್ಟೀಲ್ ಡಬ್ಬಿ. ಜೋಳ ಹಾಕಿದರೆ ಹೂಂ, ಪುಠಾಣಿ ಹಾಕಿದರೆ ಬೇಡ. ಆಯಿ ಬೆರಳಿಗೆ ಶಾಯಿ ಹಚ್ಚದೆ ಒಳಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು, ಹಚ್ಚಿದೆ.

ಮತದಾರರು ಐವರು: ಅಪ್ಪ, ಅವ್ವ, ಆಯಿ, ಕಾಕಾ, ನಾನು. ಡಬ್ಬಿ ತೆರೆದರೆ ಆರು ಕಾಳು: ನಾಲ್ಕು ಜೋಳ, ಎರಡು ಪುಠಾಣಿ. ಕಾಕಾ ಛಾವಣಿ ನೋಡತೊಡಗಿದರು.

‘ಎರಡೂ ಹಾಕೇನಿ ತಮ್ಮಾ. ನೀನೂ ಬೇಕು, ನಿಮ್ಮಪ್ಪನೂ ಬೇಕು. ನಾ ಈ ಮನ್ಯಾಗ ಇರಬೇಕಲ್ಲಪಾ’ ಎಂದರು ಕಾಕಾ.

ಕಾಕಾನ ಮತ ಕುಲಗೆಟ್ಟಿತು. ಉಳಿದದ್ದು ಮೂರು ಜೋಳ, ಒಂದು ಪುಠಾಣಿ. ಅಪ್ಪ ತಾಯಿಯ ಕಡೆ ತಿರುಗಿದರು. ‘ಯವ್ವಾ, ನೀನೂ ಹೂಂ ಅಂದಿ?’

‘ನಾ ಏನೂ ಅಂದಿಲ್ಲ. ಪುಠಾಣಿ ಬಾಯಾಡಸಾಕ ಕೊಟ್ಟಾನ ಅಂತ ತಿಂದೆ. ಹಸೀ ಜ್ವಾಳ ಹ್ಯಾಂಗ ತಿನ್ನಲಿ? ಡಬ್ಬ್ಯಾಗ ಹಾಕಿ ಬಂದೆ. ಮತ್ತೊಮ್ಮಿ ಮಾಡೂದಿದ್ರ ಮಾಡ್ರಿ, ಒಂದು ಮುಟಗಿ ಪುಠಾಣಿ ಕೊಡ್ರಿ.’

ಚುನಾವಣಾ ಅಧಿಕಾರಿಯೂ ನಾನೇ, ಅಭ್ಯರ್ಥಿಯೂ ನಾನೇ ಆದ್ದರಿಂದ ಬಿದ್ದ ಮತ ಬಿದ್ದದ್ದೇ ಎಂದು ತೀರ್ಪು ಕೊಟ್ಟೆ. ಅಪ್ಪ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಸೋತವರಿಗೆ ತಕ್ಕ ಗಾಂಭೀರ್ಯದಿಂದ, ‘ಆತಪಾ, ಮಾತು ಕೊಟ್ಟೇನಿ, ತಪ್ಪೂದಿಲ್ಲ. ಬನಹಟ್ಟಿಗೆ ಹೋಗೂಣು. ಆ ಹುಡುಗಿ ಯಾವಾಗ ಹೂಂ ಅಂದ್ಳು?’ ಎಂದರು.

ನಾನು ದಿನಚರಿ ತೆಗೆದೆ. ಎರಡು ವರ್ಷದಲ್ಲಿ ಆಕೆ ನನಗೆ ಶೇಂಗಾ ಚಟ್ನಿ ಕೊಟ್ಟದ್ದು ನಲವತ್ತೊಂದು ಸಲ, ನನ್ನ ಮಾತಿಗೆ ನಕ್ಕದ್ದು ನೂರಾ ಹನ್ನೆರಡು ಸಲ. ಹೂಂ ಎಂದದ್ದು ಎಲ್ಲೂ ಇಲ್ಲ. ನಾನು ಕೇಳಿರಲೇ ಇಲ್ಲ. ಅಪ್ಪ ನಗಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಮುಂಚೆ ಕೇಳಿಬಿಟ್ಟೆ. ಆದರೆ ಬಾಯಿಂದ ಬಂದದ್ದು, ‘ಈ ವಿಷಯದಲ್ಲಿ ತಮ್ಮ ಸಮ್ಮತಿಯನ್ನು ಕೋರುತ್ತೇನೆ’ ಎಂಬ ವಾಕ್ಯ. ಜೀಪಿನಲ್ಲಿ ನಿಂತವರಿಗೂ ನನಗೂ ಕೈಮುಗಿಯುವುದೊಂದೇ ವ್ಯತ್ಯಾಸ ಉಳಿದಿತ್ತು. ಗಾಬರಿಯಲ್ಲಿ ಅದನ್ನೂ ಮಾಡಿದೆ. ಮತದಾನದ ಕತೆಯನ್ನೂ ಹೇಳಿದೆ, ಗೆದ್ದವನ ಹುಮ್ಮಸ್ಸಿನಲ್ಲಿ.

ಶೈಲಾ ಪೂರ್ತಿ ಕೇಳಿದಳು. ‘ನನ್ನ ಲಗ್ನಕ್ಕ ನಿಮ್ಮ ಆಯಿನೂ ವೋಟ್ ಹಾಕ್ಯಾರ, ಕಾಕಾ ಎರಡೆರಡು ಹಾಕ್ಯಾರ. ಮತದಾರರ ಯಾದ್ಯಾಗ ನನ್ನ ಹೆಸರು ಬಿಟ್ಟೀರಲ್ರಿ?’

‘ತಪ್ಪಾಗೇತ್ರಿ’ ಎಂದೆ. ಈ ಸಲ ನಮ್ಮ ಮಾತು ತಾನಾಗಿಯೇ ಬಂತು.

‘ನಮ್ಮ ಮನ್ಯಾಗ ಕಾಳು ಹಂಚೂದು ಬ್ಯಾಡ. ನಾ ಒಬ್ಬಾಕೀನ ವಿಚಾರ ಮಾಡಿ ಹೇಳ್ತೀನಿ’ ಎಂದು ಆಕೆ ಕೈತೊಳೆಯಲು ಎದ್ದುಹೋದಳು.

ಇದಾಗಿ ಆರು ದಿನ. ಮನೆಯಲ್ಲಿ ಮೂರಕ್ಕೆ ಒಂದರಿಂದ ಗೆದ್ದ ನಾನು, ಒಂದೇ ಮತವಿರುವ ಕ್ಷೇತ್ರದಲ್ಲಿ ಫಲಿತಾಂಶ ಕಾಯುತ್ತ ಕೂತಿದ್ದೇನೆ. ಆಕೆ ಇಲ್ಲ ಎಂದರೆ ಅದೂ ನನ್ನ ಮೂರನೆಯ ಅಭಿಪ್ರಾಯಕ್ಕೇ ಸಿಕ್ಕ ಜಯ. ಅಂಥ ಜಯ ನನಗೆ ಬೇಡವಾಗಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬನಹಟ್ಟಿ ಕಡೆಯವರ ‘ವಿಚಾರ ಮಾಡಿ ಹೇಳ್ತೀನಿ’ ಸಾಮಾನ್ಯವಾಗಿ ಎಷ್ಟು ದಿನ ಹಿಡಿಯುತ್ತದೆ ಎಂದು ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ಒಂದು ಕಾರ್ಡು ಬರೆಯಿರಿ. ಆಕೆಯ ಉತ್ತರಕ್ಕೆ ದಿನಚರಿಯ ಮುಂದಿನ ಪುಟದಲ್ಲಿ ಜಾಗ ಬಿಟ್ಟಿದ್ದೇನೆ.