ಡಬ್ಬಿಯೊಳಗಿನ ದಿವ್ಯದೃಷ್ಟಿ

ದೇವರು ಒಬ್ಬೊಬ್ಬರಿಗೆ ಒಂದೊಂದು ಶಕ್ತಿ ಕೊಟ್ಟಿರುತ್ತಾನೆ. ನನಗೆ ಕೊಟ್ಟದ್ದು, ಮುಚ್ಚಿದ ಊಟದ ಡಬ್ಬಿಯೊಳಗೆ ಯಾವ ಪಲ್ಯವಿದೆಯೆಂದು ಹೇಳುವ ಶಕ್ತಿ. ಕೊಟ್ಟ ಎಂದು ನಾನೇ ಹೇಳಿಕೊಂಡದ್ದು, ಬೇರೆ ಸಾಕ್ಷಿಯಿಲ್ಲ. ಅಫಜಲಪುರದ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿ "ಪುಂಡಿಪಲ್ಯ" ಎಂದರೆ ಆಗಾಗ ನಿಜವಾಗುತ್ತಿತ್ತು. ಮನೆಮನೆಯಲ್ಲೂ ಹುಳಿ ಪುಂಡಿಸೊಪ್ಪು ಬೇಯುವ ನಮ್ಮ ಕಡೆ ಪುಂಡಿಪಲ್ಯ ಎಂದು ಹೇಳಿ ಸುಳ್ಳಾಗುವುದೇ ಕಷ್ಟ, ಅದು ಬೇರೆ ಮಾತು. ಸಹೋದ್ಯೋಗಿಯೊಬ್ಬ ವಿಡಿಯೊ ಮಾಡಿ ಹರಿಬಿಟ್ಟ. ಅದನ್ನು ಕಂಡು, ಇಂಥ ಶಕ್ತಿಗಳನ್ನು ಪರೀಕ್ಷಿಸುವ ಸಂಶೋಧಕರಿಬ್ಬರು, ಒಬ್ಬ ಸಾಹೇಬರು, ಒಬ್ಬ ಮೇಡಮ್ಮು, ಅತನೂರಿನ ನಮ್ಮ ಮನೆಗೇ ಬರುತ್ತೇವೆಂದು ಫೋನು ಮಾಡಿದರು.

"ಬರ್ಲಿ ಬಿಡ್ರಿ," ಎಂದಳು ಹೆಂಡತಿ ಕಮಲಾಬಾಯಿ. "ಆದ್ರ ಒಂದು ತಪ್ಪಿದ್ರೂ ಇನ್ನ ಯಾರ ಡಬ್ಬಿ ಮುಂದೂ ಕಣ್ಣ ಮುಚ್ಚಂಗಿಲ್ಲ. ಮಂದಿ ನಗಾಕತ್ತಾರ." ಜಂಬದಿಂದ ಒಪ್ಪಿಬಿಟ್ಟೆ. ಆದರೆ ಈ ಶಕ್ತಿಯೊಂದು ಹೋದರೆ ನಾನು ಬರೀ ಗುಮಾಸ್ತ, ಕಚೇರಿಯಲ್ಲಿ ನನ್ನತ್ತ ತಿರುಗಿ ನೋಡುವವರೂ ಇರುವುದಿಲ್ಲ.

ದೇವರು ದೊಡ್ಡವನು. ದೂರದ ಊರಿನ ಆ ಸಂಶೋಧಕರು ಬಂದದ್ದು ಎಳ್ಳಮಾವಾಸ್ಯೆಯ ಮರುದಿನ! ಹಬ್ಬದಂದು ನಮ್ಮಲ್ಲಿ ಸೊಪ್ಪು, ಕಾಳು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿಯನ್ನು ಹೊಲಕ್ಕೊಯ್ದು ಉಣ್ಣುತ್ತೇವೆ. ಉಳಿದದ್ದನ್ನು ಊರಿಗೆ ಊರೇ ಮರುದಿನವೂ ಉಣ್ಣುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲ. ಮೇಡಮ್ಮು ನನ್ನ ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರು. ಸಾಹೇಬರು ತಾವೇ ಮನೆಮನೆಗೆ ಹೋಗಿ ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದರು.

ಮೊದಲ ಡಬ್ಬಿಯ ಮುಂದೆ ಹಣೆ ಹಿಡಿದು, ಮೈ ನಡುಗಿಸಿ, "ಭಜ್ಜಿ" ಎಂದೆ. ಭಜ್ಜಿ! ಎರಡನೆಯದಕ್ಕೆ ಮರ್ಯಾದೆಗೆಂದು ಸ್ವಲ್ಪ ಹೆಚ್ಚು ನರಳಿದೆ. ಅದೂ ಭಜ್ಜಿ. ಮತ್ತೊಂದು, ಮಗುದೊಂದು. ಸಾಹೇಬರು ಬೆವರತೊಡಗಿದರು. ಪಕ್ಕದ ಮನೆಯ ಶರಣಪ್ಪ ಕಾಕಾ ತಡೆಯಲಾರದೆ, "ಸಾಹೇಬ್ರ, ಇದ್ರಾಗೇನ್ ಅದರೀ, ನಿನ್ನಿ ನಮ್ಮ..." ಎಂದು ಬಾಯಿ ತೆಗೆದರು.

"ಕಾಕಾ, ಸುಮ್ಮ ಕೂಡ್ರಿ! ಶಕ್ತಿ ಚದುರತದ!" ಎಂದು ಕಟ್ಟಿದ ಮೂಗಿನಲ್ಲೇ ಗದರಿದೆ.

ಕೊನೆಯ ಡಬ್ಬಿ ಬಂತು. ಇದೂ ಸರಿಯಾದರೆ ನನ್ನನ್ನು ದೊಡ್ಡ ಪ್ರಯೋಗಶಾಲೆಗೆ ಕರೆದೊಯ್ಯುವ ಮಾತು ನಡೆದಿತ್ತು. ಕಣ್ಣನ್ನೂ ಮುಚ್ಚದೆ "ಭಜ್ಜಿ" ಎಂದೆ. ತೆರೆದರೆ ಎಣ್ಣೆಯಲ್ಲಿ ತೇಲುತ್ತಿರುವ ಬದನೆಕಾಯಿ!

"ಇದು ಯಾರ ಮನೆಯದು?" ಎಂದರು ಮೇಡಮ್ಮು.

"ನಮ್ಮದೇ ರೀ," ಎನ್ನುತ್ತ ಕಮಲಾಬಾಯಿ ಹೊರಗೆ ಬಂದು ನನ್ನತ್ತ ತಿರುಗಿದಳು. "ಭಜ್ಜಿ ತಿಂದು ಸಾಕಾಗ್ಯಾದ, ನನಗ ಬದನಿಕಾಯಿ ಮಾಡು ಅಂತ ಮುಂಜಾನೆ ಹೇಳಿದವ್ರು ನೀವೇ ಅಲ್ಲೇನ್ರಿ?"

ಊರೆಲ್ಲ ನಕ್ಕಿತು. ದೂರದ ಅಡುಗೆಮನೆಗಳೆಲ್ಲ ಕಾಣುತ್ತವೆ, ಸ್ವಂತದ್ದು ಮಾತ್ರ ಕಾಣುವುದಿಲ್ಲ ಎಂದು ಮೇಡಮ್ಮು ಗಂಭೀರವಾಗಿ ಬರೆದುಕೊಂಡರು. ಕೊಟ್ಟ ಮಾತಿನಂತೆ ನಾನು ಅಲ್ಲೇ ದಿವ್ಯದೃಷ್ಟಿಯಿಂದ ನಿವೃತ್ತನಾದೆ. ನಿಜ ಹೇಳುತ್ತೇನೆ, ಬಹಳ ಬೇಜಾರಾಯಿತು.

ಅತಿಥಿಗಳ ಜೊತೆ ಊಟಕ್ಕೆ ಕುಳಿತೆ. "ಬದನಿಕಾಯಿ ಹೆಂಗಾಗ್ಯಾದ್ರಿ?" ಎಂದು ಕಮಲಾಬಾಯಿ ಕೇಳಿದಳು. ಉಪ್ಪೇ ಇರಲಿಲ್ಲ. ಹೇಳಿದರೆ ಮುಂದೇನಾಗುತ್ತದೆಂಬುದು ಕಣ್ಣು ಮುಚ್ಚದೆಯೇ ಸ್ಪಷ್ಟವಾಗಿ ಕಂಡಿತು.

"ಭಾಳ ಚಲೋ ಆಗ್ಯಾದ," ಎಂದೆ.