ಟೆರೇಸಿನ ಪಾಚಿ, ನಾಲ್ಕು ಗಂಟೆಯ ಬಜ್ಜಿ

ಹಸು ಸಾಕ್ತೀನಿ ಅಂದ್ರೆ ಜನ ಹಾಲು ಕೇಳ್ತಾರೆ, ನಾಯಿ ಸಾಕ್ತೀನಿ ಅಂದ್ರೆ ಹೆಸರು ಕೇಳ್ತಾರೆ. ಪಾಚಿ ಸಾಕ್ತೀನಿ ಅಂದ್ರೆ ಮಾತ್ರ ಒಂದು ಸಲ ಮುಖ ನೋಡಿ ಸುಮ್ಮನಾಗ್ತಾರೆ. ಆಮೇಲೆ ತಪ್ಪದೆ ಏನಾದ್ರೂ ಎಡವಟ್ಟು ಮಾಡ್ತಾರೆ.

ನಾನು ಪೀಣ್ಯದ ಒಂದು ಬೋಲ್ಟ್ ಫ್ಯಾಕ್ಟರಿಯ ಟೆರೇಸ್ ಮೇಲೆ ನೀಲಿ-ಹಸಿರು ಪಾಚಿ ಬೆಳೆಸೋಳು. ಗಾಳಿಯಲ್ಲಿರೋ ಸಾರಜನಕ ಹಿಡಿದು ಗೊಬ್ಬರ ಮಾಡೋ ಜೀವ ಅದು. ಭತ್ತದ ಗದ್ದೆಗೆ ಬಿಟ್ರೆ ಯೂರಿಯಾ ಕಮ್ಮಿ ಸಾಕು. ಫ್ಯಾಕ್ಟರಿ ಯಜಮಾನರು ಯಾವುದೋ ಸೆಮಿನಾರ್‌ಗೆ ಹೋಗಿ ಬಂದ ಜೋಶ್‌ನಲ್ಲಿ ಇದನ್ನ ಶುರು ಮಾಡಿಸಿದ್ರು. ಜೋಶ್ ಇಳಿದ ಮೇಲೆ ಕರೆದು ಹೇಳಿದ್ರು: ಸಂಕ್ರಾಂತಿ ಕಳೆದ ಮೇಲೆ ಆನೇಕಲ್ ಕಡೆಯ ರೈತರ ಸಂಘದವರು ನೋಡೋಕೆ ಬರ್ತಾರೆ, ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಟೆರೇಸ್ ಖಾಲಿ, ನೀವು ಕೆಳಗಿಳಿದು ಬೋಲ್ಟ್ ಅಳೀತಾ ಕೂತ್ಕೊಳ್ಳಿ. ಮೈಕ್ರೋಬಯಾಲಜಿ ಓದಿ ಬೋಲ್ಟ್ ಅಳೆಯೋದಾ?

ಹಬ್ಬದ ಕ್ಲೀನಿಂಗು

ಮೊದಲ ಏಟು ಬಿದ್ದಿದ್ದು ಆಯುಧಪೂಜೆಗೆ. ಪೀಣ್ಯದಲ್ಲಿ ಅವತ್ತು ಸ್ಕ್ರೂಡ್ರೈವರ್‌ಗೂ ಸ್ನಾನ, ಲೇಥ್‌ಗೂ ವಿಭೂತಿ. ನಾನು ಹೊಸ ಸೀರೆ ಉಟ್ಕೊಂಡು ಟೆರೇಸ್ ಹತ್ತಿ ನೋಡ್ತೀನಿ, ನನ್ನ ಪಾಚಿ ಟ್ರೇಗಳೆಲ್ಲ ಫಳಫಳ ಹೊಳೀತಿವೆ. ಒಂದೊಂದಕ್ಕೂ ಅರಿಶಿನ ಕುಂಕುಮ, ಪಕ್ಕದಲ್ಲಿ ಒಂದೊಂದು ನಿಂಬೆಹಣ್ಣು. ಪಾಚಿ ಮಾತ್ರ ಮೋರಿ ಸೇರಿತ್ತು.

ತೊಳೆದೋರು ಹೌಸ್‌ಕೀಪಿಂಗ್ ಅಕ್ಕ, ಯಾದಗಿರಿ ಕಡೆಯೋರು. ಬ್ಲೀಚಿಂಗ್ ಪೌಡರ್ ಹಾಕಿ ಬೆಳಗ್ಗಿಂದ ಉಜ್ಜಿದ್ರಂತೆ. ಯಾಕಕ್ಕಾ ಹಿಂಗ್ ಮಾಡಿದ್ರಿ ಅಂತ ತಲೆ ಮೇಲೆ ಕೈ ಹೊತ್ತು ಕೂತ್ರೆ, ಅವರಿಗೇ ನನ್ನ ಮೇಲೆ ಕೋಪ ಬಂತು.

"ಹಬ್ಬದ ದಿನ ಹೊಲಸು ಇಟ್ಕೊಂಡು ಕುಂತ್ರ ಲಕ್ಷ್ಮಿ ಒಳಗ ಬರ್ತಾಳೇನ್ರಿ ಮೇಡಂ?"

ಕುಂಬಳಕಾಯಿ ಒಡೆದ್ರು, ನಾನೂ ಕೈ ಮುಗಿದು ಬಂದೆ.

ಬಾಟಲಿಗೆ ಮಡಿಲು

ಪುಣ್ಯಕ್ಕೆ ದಾಸರಹಳ್ಳಿಯ ಮನೆ ಕಿಟಕಿಯಲ್ಲಿ ಒಂದು ಬಾಟಲಿ ಪಾಚಿ ಇತ್ತು. ತಂದಿಟ್ಟ ದಿನ ಅತ್ತೆ, ಈ ಗಲೀಜು ಏನು ತಿನ್ನತ್ತೆ ಅಂತ ಕೇಳಿದ್ರು. ಬಿಸಿಲು ಕುಡಿಯತ್ತೆ, ಗಾಳಿ ತಿನ್ನತ್ತೆ, ನಾವೇನೂ ಹಾಕೋ ಹಾಗಿಲ್ಲ ಅಂದಿದ್ದೆ. ಅಷ್ಟೇ. ಗಾಳಿ ತಿಂದು ಬದುಕೋದು ಋಷಿಗಳು ಮಾತ್ರ ಅಂತ ಅತ್ತೆ ತೀರ್ಮಾನ ಮಾಡಿಬಿಟ್ರು. ಏಕಾದಶಿ ದಿನ ಬಾಟಲಿ ಮುಂದೆ ಹೂವಿತ್ತು. ಎದುರುಮನೆಯೋರು ಬಂದು ನೋಡ್ಕೊಂಡು ಹೋದ್ರು. ಸಿಂಕ್‌ನಲ್ಲಿ ಒಂದು ಲೋಟ ಬಿಟ್ಟಿದ್ರೆ ನನ್ನ ಜನ್ಮ ಜಾಲಾಡೋ ಅತ್ತೆ ಇವರು.

ಹಬ್ಬ ಮುಗಿದ ಮೇಲೆ ಆ ಬಾಟಲಿ ಎತ್ಕೊಂಡು ಹೊರಟೆ. ಅದನ್ನೇ ಟ್ರೇಗಳಿಗೆ ಬಿಟ್ಟು ಮತ್ತೆ ಬೆಳೆಸಬೇಕಿತ್ತು. ಅತ್ತೆ ಬಾಗಿಲಿಗೆ ಅಡ್ಡ ನಿಂತ್ರು. ಮಂಗಳವಾರ ಮನೆಯಿಂದ ಕಳಿಸಬಾರದಂತೆ. ಬುಧವಾರ ಬೆಳಗ್ಗೆ ಬಾಟಲಿಗೆ ಕುಂಕುಮ ಇಟ್ಟು, ಬ್ಲೌಸ್ ಪೀಸ್ ಸುತ್ತಿ, ಎಲೆ ಅಡಿಕೆ ಅಕ್ಕಿ ಕೊಟ್ಟು ಕಳಿಸಿಕೊಟ್ರು. ನಾನು ಹೆರಿಗೆಗೆ ತವರಿಗೆ ಹೋದಾಗ ಆಟೋ ಬಂತು ನೋಡು ಅಂದಿದ್ರು, ಅಷ್ಟೇ.

ಕ್ಯಾಬಿನ್ನು

ಟ್ರೇಗಳು ಮತ್ತೆ ಹಸಿರಾದವು. ನಮ್ಮ ಫ್ಯಾಕ್ಟರಿಯಲ್ಲಿ ನಾಲ್ಕು ಗಂಟೆಗೆ ಎಲ್ರಿಗೂ ಟೀ, ಎರಡೆರಡು ಮೆಣಸಿನಕಾಯಿ ಬಜ್ಜಿ. ಅದನ್ನ ಹಿಡ್ಕೊಂಡು ಫಿಟ್ಟರ್‌ಗಳೆಲ್ಲ ಟೆರೇಸ್‌ಗೆ ಬರೋರು, ಮೈಕ್ರೋಸ್ಕೋಪ್ ನೋಡೋರು.

ನಾನು ವಿವರಿಸಿದೆ. ಇದು ಮಣಿಸರ ಇದ್ದ ಹಾಗೆ, ಒಂದೊಂದು ಮಣಿ ಒಂದೊಂದು ಜೀವಕೋಶ. ಅಲ್ಲಲ್ಲಿ ಒಂದು ದಪ್ಪಗಿದೆ ನೋಡಿ, ಸಾರಜನಕ ಹಿಡಿಯೋದು ಅದೇ. ಆ ಕೆಲಸಕ್ಕೆ ಆಮ್ಲಜನಕ ತಾಗಿದ್ರೆ ಕೆಟ್ಟುಹೋಗತ್ತೆ, ಅದಕ್ಕೇ ಸುತ್ತ ದಪ್ಪ ಗೋಡೆ ಕಟ್ಕೊಂಡು ಕೂತಿರತ್ತೆ. ತನ್ನ ಊಟ ತಾನು ಮಾಡ್ಕೊಳಲ್ಲ, ಅಕ್ಕಪಕ್ಕದವು ಸಕ್ಕರೆ ತಂದು ಕೊಡಬೇಕು.

ಹಿರಿಯ ಫಿಟ್ಟರ್ ಬಜ್ಜಿ ನುಂಗಿ ಹೇಳಿದ, "ಗೊತ್ತಾಯ್ತು ಬಿಡಿ ಮೇಡಂ. ಎಸಿ ಕ್ಯಾಬಿನ್ನು. ನಮ್ಮ ಮ್ಯಾನೇಜರು."

ಇಲ್ಲಪ್ಪ, ಅದು ಉಳಿದವರಿಗೆಲ್ಲ ಸಾರಜನಕ ಹಂಚತ್ತೆ, ತುಂಬಾ ಕೆಲಸ ಮಾಡತ್ತೆ ಅಂದೆ.

"ಹಂಗಾದ್ರೆ ಅವರಲ್ಲ."

ಯಜಮಾನರ ಅಕ್ಕರೆ

ರೈತರು ಬರೋ ದಿನ ಬಂತು. ಟೆರೇಸ್ ಹತ್ತಿದ್ರೆ ಪಾಚಿ ಎಂದೂ ಇಲ್ಲದ ಹಸಿರು. ನನಗೆ ಖುಷಿ ಆಗೋ ಬದಲು ಭಯ ಆಯ್ತು. ಮೈಕ್ರೋಸ್ಕೋಪ್‌ನಲ್ಲಿ ನೋಡ್ತೀನಿ, ಉದ್ದುದ್ದ ಸರ ಇದೆ, ಒಂದೆರಡು ಮುದಿಯವು ಬಿಟ್ರೆ ದಪ್ಪ ಮಣಿಗಳೇ ಇಲ್ಲ. ಹಿಂದೇನೇ ಯಜಮಾನರು ನಗ್ತಾ ನಿಂತಿದ್ರು. ಪಾಪ, ಬರೀ ಗಾಳಿ ತಿಂದು ಎಷ್ಟು ದಿನ ಇರತ್ತೆ ಅಂತ, ಒಂದು ವಾರದಿಂದ ಅವರೇ ಕೈಯಾರೆ ಯೂರಿಯಾ ಹಾಕ್ತಿದ್ರಂತೆ.

ಕೂತಲ್ಲಿಗೇ ಯೂರಿಯಾದ ಸಾರಜನಕ ಸಿಕ್ಕಿದ್ರೆ ಪಾಚಿ ಗಾಳಿಯಿಂದ ಹಿಡಿಯೋದನ್ನೇ ನಿಲ್ಲಿಸಿಬಿಡತ್ತೆ. ಮುಗೀತು ನನ್ನ ಕಥೆ, ಇನ್ನು ಬೋಲ್ಟೇ ಗತಿ ಅಂದ್ಕೊಂಡೆ. ಅಷ್ಟರಲ್ಲಿ ರೈತರು ಮೆಟ್ಟಿಲು ಹತ್ತಿ ಬಂದ್ರು. ಸುಳ್ಳು ಹೇಳಿದ್ರೆ ನಾಳೆ ಗದ್ದೆಯಲ್ಲಿ ಬಯಲಾಗತ್ತೆ. ಇದ್ದಿದ್ದು ಇದ್ದ ಹಾಗೇ ಹೇಳಿಬಿಟ್ಟೆ: ಬಿಟ್ಟಿ ಊಟ ಹಾಕಿದ್ವಿ, ಕೆಲಸ ಬಿಟ್ಟಿದೆ, ಯೂರಿಯಾ ನಿಲ್ಲಿಸಿ ಹೊಸದಾಗಿ ಬೆಳೆಸಿದ್ರೆ ಮತ್ತೆ ಶುರು ಮಾಡತ್ತೆ. ಯಜಮಾನರ ಮುಖ ಕಪ್ಪಿಟ್ಟಿತು.

ಸಂಘದ ಹಿರಿಯರು ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾಚಿಗೆ ಬೆರಳು ಅದ್ದಿ ನೋಡಿದ್ರು.

"ನಮ್ಮನೇಲೂ ಒಬ್ಬ ಮನೆ ಅಳಿಯ ಅವ್ನೆ ಕಣಮ್ಮ, ಇಂಗೇಯ. ಓದ್ಸಲ ಒಬ್ಬ ಬಂದು ಇದೇ ಪಾಚಿ ಅಂತ ಪ್ಯಾಕೆಟ್ಟಲ್ಲಿ ಬರೀ ಮಣ್ಣು ಕೊಟ್ಟೋದ. ಇದು ಸೋಮಾರಿತನ ಮಾಡ್ತೈತೆ ಅಂದ್ರೆ ಜೀವ ಐತೆ ಅಂತಾಯ್ತಲ್ಲ. ಬೆಳೆಸಿ ಕೊಡು, ತಕ್ಕೋತೀವಿ."

ಟೆರೇಸ್ ಉಳೀತು.

ಆದ್ರೆ ಯಜಮಾನರು ನನ್ನ ಬಿಟ್ಟಿ ಊಟದ ಮಾತನ್ನ ತುಂಬಾ ಗಮನ ಇಟ್ಟು ಕೇಳಿಸ್ಕೊಂಡಿದ್ರು. ಮಾರನೇ ದಿನ ನಾಲ್ಕು ಗಂಟೆಗೆ ಟೀ ಬಂತು, ಬಜ್ಜಿ ಬರಲಿಲ್ಲ. ಕೇಳಿದ್ದಕ್ಕೆ, ಬಿಟ್ಟಿ ತಿಂಡಿ ಹಾಕಿದ್ರೆ ಯಾವ ಜೀವಾನೂ ಕೆಲಸ ಮಾಡಲ್ಲ, ಇದು ಸೈನ್ಸು, ಬೇಕಿದ್ರೆ ಟೆರೇಸ್ ಮೇಡಂನ ಕೇಳಿ ಅಂದ್ರಂತೆ.

ಇಡೀ ಶಾಪ್ ಫ್ಲೋರ್ ಟೆರೇಸ್‌ಗೆ ಹತ್ತಿ ಬಂತು. ಖಾಲಿ ಟೀ ಲೋಟ ಹಿಡಿದು ನನ್ನನ್ನೇ ನೋಡ್ತಾ ನಿಂತ್ರು. ಕೊನೆಗೆ ಹೌಸ್‌ಕೀಪಿಂಗ್ ಅಕ್ಕ ಮುಂದೆ ಬಂದು ಟ್ರೇಗಳ ಕಡೆ ಕೈ ತೋರಿಸಿದ್ರು.

"ಹಬ್ಬಕ್ಕ ನಾ ಎಷ್ಟ್ ಚಂದ ತೊಳದ ಇಟ್ಟಿದ್ದೆ. ತಿರುಗಿ ತಂದು ಹಾಕಿದವ್ರು ನೀವ ಅಲ್ರೀ?"