ಹಿಂದೆ ನಾಲ್ಕು ಜನ ಇರಲಿ

ತಪ್ಪು ಮಾಡುವುದು ಎಲ್ಲರಿಗೂ ಬರುತ್ತದೆ. ಮಾಡಿದ ತಪ್ಪಿಗೆ ಅಲ್ಲೇ ನಿಂತಲ್ಲೇ ಒಂದು ಸಮಜಾಯಿಷಿ ಹೊಂದಿಸುವುದು ಮಾತ್ರ ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ನನಗೆ ಅದು ಸಲೀಸು. ಹಾಲು ಉಕ್ಕಿದರೆ ಪಾತ್ರೆಯ ಆಕಾರ ಸರಿಯಿಲ್ಲವೆಂದೂ, ಮದುವೆಮನೆಗೆ ತಡವಾಗಿ ಹೋದರೆ ಮುಹೂರ್ತವನ್ನೇ ಬೇಗ ಇಟ್ಟರೆಂದೂ ಕಣ್ಣು ಮಿಟುಕಿಸದೆ ಹೇಳಬಲ್ಲೆ. ನನ್ನ ಹೆಂಡತಿ ಸುಮಾ ಇದನ್ನು ಕಾಯಿಲೆ ಎನ್ನುತ್ತಾಳೆ. ಆದರೆ ಈ ಕಾಯಿಲೆಗೆಂದೇ ಮೈಸೂರಿನ ಮಾಸಪತ್ರಿಕೆಯೊಂದು ತಿಂಗಳಿಗೊಂದು ಪುಟ ಬಿಟ್ಟುಕೊಟ್ಟಿದೆ ಎಂಬುದನ್ನು ನಾನು ಅವಳಿಗೆ ಆಗಾಗ ನೆನಪಿಸುತ್ತಿರುತ್ತೇನೆ.

ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಅದು ಹೊಟ್ಟೆಪಾಡು. ಹೆಸರು ಬಂದಿರುವುದು ಮಾತ್ರ ‘ಹೊಳೆದಂಡೆ ಪುಟ್ಟವ್ವ’ನಿಂದ. ಆ ಮೈಸೂರಿನ ಮಕ್ಕಳ ಪತ್ರಿಕೆಯಲ್ಲೇ ವರ್ಷಗಳಿಂದ ಬರುತ್ತಿರುವ ಚಿತ್ರಕಥೆ ಅದು. ಕಥೆ ನನ್ನದು, ಚಿತ್ರ ಶಿವಣ್ಣನದು. ಪುಟ್ಟವ್ವ ಎಂಬ ಅಜ್ಜಿ ಹೊಳೆಯ ಪಕ್ಕದ ಹುಣಸೆಮರದ ಕೆಳಗೆ ಕೂತು ದೆವ್ವಗಳ ವ್ಯಾಜ್ಯ ತೀರ್ಮಾನ ಮಾಡುತ್ತಾಳೆ. ಒಂದೇ ಬಾವಿ ತನ್ನದೆಂದು ಎರಡು ದೆವ್ವ ಕಿತ್ತಾಡಿದರೆ ಹಗಲು ಒಬ್ಬರಿಗೆ, ಇರುಳು ಒಬ್ಬರಿಗೆ ಎಂದು ಹಂಚಿಕೊಡುತ್ತಾಳೆ. ಪತ್ರಿಕೆ ಮಕ್ಕಳದ್ದೆಂದು ಹೆಸರು ಅಷ್ಟೇ, ಓದುವವರೆಲ್ಲ ನಿವೃತ್ತರು. ಕೈಯಲ್ಲಿ ಭೂತಗನ್ನಡಿ ಹಿಡಿದೇ ಓದುತ್ತಾರೆ. ಕೊನೆಯ ಪುಟದಲ್ಲಿ ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದೂ ನನ್ನದೇ ಕೆಲಸ.

ಒಮ್ಮೆ ಕವಲಂದೆಯ ಓದುಗರೊಬ್ಬರು ಕೇಳಿದರು: ‘ಪುಟ್ಟವ್ವನ ಮೇಕೆಯನ್ನು ಹಿಂದೆಯೇ ಚಿರತೆ ಹೊತ್ತುಕೊಂಡು ಹೋಗಿತ್ತಲ್ಲ, ಈ ತಿಂಗಳು ಅದೇ ಮೇಕೆ ಸೊಪ್ಪು ತಿನ್ನುತ್ತಿದೆ, ಹೇಗೆ?’ ನಿಜವೇನೆಂದರೆ ನಾನು ಮರೆತಿದ್ದೆ. ಉತ್ತರ ಬರೆದದ್ದು, ‘ಸರಿಯಾಗಿ ನೋಡಿ, ಮೇಕೆಗೆ ನೆರಳಿಲ್ಲ’ ಎಂದು. ಆ ಸಂಚಿಕೆಯಲ್ಲಿ ಶಿವಣ್ಣ ಸೋಮಾರಿತನಕ್ಕೆ ಯಾರಿಗೂ ನೆರಳು ಬರೆದಿರಲಿಲ್ಲ. ಕವಲಂದೆಯವರು ಬಿಡುವವರೇ? ‘ಹಾಗಾದರೆ ಪುಟ್ಟವ್ವನಿಗೂ ನೆರಳಿಲ್ಲವಲ್ಲ’ ಎಂದರು. ತಾನು ಬದುಕಿದ್ದೇನೆಯೋ ಇಲ್ಲವೋ ಎಂದು ಪುಟ್ಟವ್ವನಿಗೇ ಅನುಮಾನ ಹುಟ್ಟುವ ಕಥೆಯೊಂದನ್ನು ಹೊಸೆದು ಆ ಮಳೆಗಾಲ ಪೂರ್ತಿ ದಾಟಿಸಿದೆ. ಜನ ಅದನ್ನು ನನ್ನ ಅತ್ಯುತ್ತಮ ಕಥೆ ಎನ್ನುತ್ತಾರೆ.

ಶಿವಣ್ಣನಿಗೆ ನಂಜನಗೂಡು ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಬರೆಯುವ ಅಂಗಡಿಯಿದೆ. ನಾನು ಪ್ರತಿ ಚಿತ್ರಕ್ಕೂ ಮುಖ್ಯವಾದದ್ದನ್ನು ವಿವರಿಸಿ, ಕೊನೆಗೆ ‘ಹಿಂದೆ ನಾಲ್ಕು ಜನ ಇರಲಿ’ ಎಂದು ಸೇರಿಸಿಬಿಡುತ್ತೇನೆ. ಆ ನಾಲ್ಕು ಜನ ಯಾರು, ಹೇಗಿರಬೇಕು ಎಂದು ನಾನು ಹೇಳುವುದಿಲ್ಲ, ಅವನು ಕೇಳುವುದೂ ಇಲ್ಲ. ಎದುರಿಗೆ ಬಸ್ಸಿಗೆ ಕಾಯುತ್ತಿರುವವರನ್ನು ನೋಡಿ ಬರೆದುಬಿಡುತ್ತಾನೆ. ಹೀಗೆ ತಾಲ್ಲೂಕಿನ ಅರ್ಧ ಜನ ತಮಗೇ ಗೊತ್ತಿಲ್ಲದೆ ದೆವ್ವದ ಪಂಚಾಯಿತಿಯಲ್ಲಿ ನಿಂತಿದ್ದಾರೆ.

ಮೊನ್ನೆ ಮಳೆಗಾಲದಲ್ಲಿ ವಾಟ್ಸಾಪಿಗೆ ಒಂದು ಧ್ವನಿ ಸಂದೇಶ ಬಂತು. “ನಮಸ್ಕಾರ ಸಾ. ನಾನು ಜಯಮ್ಮ ಅಂತ, ಬನ್ನೂರತ್ರದೋಳು, ಬಟ್ಟೆ ಒಲಿತೀನಿ. ನಿಮ್ ಕತೇಲಿ ಇಂದ್ಗಡೆ ಒಬ್ಬ ಕೊಡೆ ಇಡ್ಕಂಡು ನಿಂತಿರ್ತಾನಲ್ಲ, ಈ ತಿಂಗ್ಳು ಕಾಣ್ನಿಲ್ಲ. ಎಲ್ಲೋದ ಅಂತ ವಸಿ ಏಳಿ.”

ಅಂಥವನೊಬ್ಬನಿದ್ದಾನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹಿಂದಿನ ತಿಂಗಳ ಸಂಚಿಕೆ ತೆಗೆದು ನೋಡಿದೆ. ಇದ್ದ. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಮಡಿಸಿದ ಕೊಡೆಯನ್ನು ಕಂಕುಳಲ್ಲಿಟ್ಟು ನಿಂತಿದ್ದ. ನಾನು ಶಿವಣ್ಣನನ್ನು ಕೇಳುವ ಗೋಜಿಗೂ ಹೋಗದೆ ಉತ್ತರ ಬರೆದು ಕಳಿಸಿದೆ: ‘ಕೊಡೆಯವರು ಬಂದ ಕೆಲಸ ಮುಗಿಸಿಕೊಂಡು ಹೊರಟಿದ್ದಾರೆ. ಇಷ್ಟರಲ್ಲೇ ಮನೆ ಸೇರುತ್ತಾರೆ.’ ಚೆನ್ನಾಗಿದೆ ಎಂದು ನನಗೇ ಅನ್ನಿಸಿತು.

ಪತ್ರಿಕೆ ಹೊರಬಿದ್ದ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಜಯಮ್ಮನ ಫೋನು ಬಂತು. “ಸಾ, ನೀವು ಬರ್ದಿರೋದು ದಿಟ್ವಾ?” ಎಂದಳು. “ದಿಟವೇ ಕಣಮ್ಮ” ಎಂದೆ, ತಕ್ಕಮಟ್ಟಿಗೆ ಜಂಬದಿಂದಲೇ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತದ್ದು ಕೇಳಿಸಿತು. ಆಮೇಲೆ ಆಕೆ ಮೆಲ್ಲಗೆ, “ಅಯ್ಯೋ, ಅವ್ನ್ಯಾಕೆ ಬರ್ಬೇಕು ಸಾ?” ಎಂದಳು. ಸಂತೆಯ ದಿನ ನರಸೀಪುರಕ್ಕೆ ಬರುವುದಾಗಿಯೂ ನಾನು ಅಲ್ಲಿಗೆ ಬರಲೇಬೇಕೆಂದೂ ಹೇಳಿ ಫೋನಿಟ್ಟಳು.

ಅಭಿಮಾನಿಗಳನ್ನು ಕಾಣುವುದೆಂದರೆ ನನಗೆ ಇಷ್ಟ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದೆ. ಸಂಗಮದ ಮೆಟ್ಟಿಲ ಮೇಲೆ, ಸುಡುವ ಮಟಮಟ ಮಧ್ಯಾಹ್ನದಲ್ಲಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಬಿಟ್ಟುಕೊಂಡು ಜಯಮ್ಮ ಕೂತಿದ್ದಳು. ಮಗಳಿಗೆಂದು ತರಿಸಿದ ಹಳೆಯ ಸಂಚಿಕೆಗಳನ್ನೆಲ್ಲ ಬ್ಯಾಗಿನಿಂದ ತೆಗೆದು ಮೆಟ್ಟಿಲ ಮೇಲೆ ಸಾಲಾಗಿ ಹರವಿದಳು. ಗಾಳಿಗೆ ಹಾರದಿರಲೆಂದು ಒಂದೊಂದರ ಮೇಲೂ ಒಂದೊಂದು ಕಲ್ಲಿಟ್ಟಳು.

“ಈಗ ನೋಡಿ ಸಾ” ಎಂದಳು. ಮೊದಲನೆಯದರಲ್ಲಿ ಅವನು ದೂರದ ದಿಬ್ಬದ ಮೇಲೆ ಎಳ್ಳಿನಷ್ಟು ಕಾಣುತ್ತಿದ್ದ. ಆಮೇಲೆ ಗದ್ದೆಯ ಬದುವಿನ ಮೇಲಿದ್ದ. ಆಮೇಲೆ ಹೊಳೆಯ ಆಚೆದಡದಲ್ಲಿ, ಆಮೇಲೆ ಈಚೆದಡದಲ್ಲಿ, ಆಮೇಲೆ ಹುಣಸೆಮರದ ಪಕ್ಕದಲ್ಲಿ. ಆಕೆ ಟೇಪು ಹಿಡಿದು ಒಂದೊಂದರಲ್ಲೂ ಅವನ ಎತ್ತರ ಅಳೆದು ತೋರಿಸಿದಳು. ತಿಂಗಳು ತಿಂಗಳಿಗೂ ಅವನು ಬೆಳೆದಿದ್ದ. ಚಿತ್ರದಲ್ಲಿ ಬೇರೆಯವರೆಲ್ಲ ದೆವ್ವವನ್ನು ನೋಡುತ್ತ ಬಾಯಿ ಬಿಟ್ಟುಕೊಂಡಿದ್ದರೆ ಅವನೊಬ್ಬ ದೆವ್ವದ ಕಡೆ ತಿರುಗಿಯೂ ನೋಡದೆ, ಪುಟದಿಂದಾಚೆಗೆ ನಮ್ಮನ್ನು ನೋಡುತ್ತಿದ್ದ. ಕೊನೆಯ ಸಂಚಿಕೆಯಲ್ಲಿ ಅವನು ಇರಲಿಲ್ಲ.

“ನಮ್ಮೆಜಮಾನ ಸಾ. ಮಗ್ಳು ಅಂಬೆಗಾಲಿಡ್ತಿದ್ಲು, ನಂಜನಗೂಡ್ಗೆ ಓಗಿ ಬತ್ತೀನಿ ಅಂತ ಕೊಡೆ ತಕ್ಕಂಡು ಓದೋನು, ಬರ್ನಿಲ್ಲ. ಅಳ್ತಾ ಕೂತಿದ್ದೆ ಅಂದ್ಕಬೇಡಿ. ಅವ್ನಿದ್ದಾಗ ಸಾರ್ಗೆ ಉಪ್ಪು ಕಮ್ಮಿಯಾದ್ರೆ ಲೋಟ ತೂರೋನು, ಅದ್ಕೇ ಮನೇಲೆಲ್ಲ ಬರೀ ಸ್ಟೀಲು. ಅವ್ನು ಓದ್ಮೇಲೆ ಗಾಜಿನ ಲೋಟ ತಂದ್ವಿ ಸಾ. ಇವತ್ಗಂಟ ಒಂದೂ ಒಡ್ದಿಲ್ಲ” ಎಂದಳು. ಆಮೇಲೆ ಕೊನೆಯ ಸಂಚಿಕೆಯತ್ತ ಬೆರಳು ತೋರಿಸಿ, “ಪುಸ್ತಕದೊಳ್ಗೆ ಇದ್ದಾಗ ಎಲ್ಲವ್ನೆ ಅಂತ ಗೊತ್ತಿರ್ತಿತ್ತು, ನೆಮ್ದಿ ಇತ್ತು. ಈಗ ಈಚೆಗ್ ಬಂದವ್ನೆ. ಮನೆ ಕಡೀಕೆ ಕಳ್ಸಿದೋರು ನೀವು. ನೀವೇ ವಾಪಸ್ ಕರ್ಸ್ಕಳಿ” ಎಂದಳು.

“ಅಮ್ಮ, ಅದು ನಾನು ಸುಮ್ಮನೆ ತೋಚಿದ್ದು ಬರೆದೆ” ಎಂದೆ. ಆಕೆ ನನ್ನನ್ನೇ ದಿಟ್ಟಿಸಿ, “ಅಂಗಾದ್ರೆ ಮೇಕೆ ವಿಸ್ಯಾನೂ ಸುಮ್ನೆ ಬರ್ದಿದ್ದಾ?” ಎಂದಳು. ಅಷ್ಟು ವರ್ಷದ ಹೆಸರು ಒಂದು ಕ್ಷಣ ಕಣ್ಣ ಮುಂದೆ ಬಂತು. “ಇಲ್ಲಮ್ಮ, ಮೇಕೆ ವಿಷಯ ನಿಜ” ಎಂದುಬಿಟ್ಟೆ. ಅಲ್ಲಿಗೆ ಅವನನ್ನು ವಾಪಸು ಕರೆಸುವ ಜವಾಬ್ದಾರಿ ನನ್ನ ತಲೆಗೆ ಬಿತ್ತು.

ಕೊಡೆಯವನಿದ್ದ ಸಂಚಿಕೆ ಹಿಡಿದು ನೇರ ಶಿವಣ್ಣನ ಅಂಗಡಿಗೆ ಹೋದೆ. ಚಿತ್ರ ನೋಡಿದವನೇ ಕುಂಚ ಕೆಳಗಿಟ್ಟ. “ಇವ್ನಾ? ದಿನಾ ಬಸ್ ಸ್ಟ್ಯಾಂಡಲ್ಲಿ ನಿಂತ್ಕಳೋನು ಸಾ. ಮೊದ್ಲು ಆ ತುದೀಲಿ ನಿಲ್ಲೋನು, ಬತ್ತಾ ಬತ್ತಾ ಈ ಕಡೀಕೆ ಬಂದ. ಒಂದಿನ ನಮ್ಮಂಗ್ಡಿ ಮುಂದ್ಕೇ ಬಂದು, ನರಸೀಪುರದ ಬಸ್ಸು ಎಷ್ಟೊತ್ಗೆ ಅಂದ. ಆಮೇಕೆ ಅವನ್ನ ಬರ್ಯಕ್ಕೆ ಮನಸ್ಸಾಗ್ನಿಲ್ಲ, ಬುಟ್ಬುಟ್ಟೆ.” ಯಾಕೆ ಎಂದು ಕೇಳಿದೆ. ಶಿವಣ್ಣ ದನಿ ತಗ್ಗಿಸಿದ. “ಜೋರು ಮಳೆ ಸಾ ಅವತ್ತು. ಕೊಡೆ ಬಿಚ್ಚಿರ್ನಿಲ್ಲ ಅವ್ನು. ಬಟ್ಟೆ ಒಣಗಿತ್ತು.”

ಆ ತಿಂಗಳು ಪೂರ್ತಿ ಸಾಯಂಕಾಲ ಶಾಲೆ ಬಿಟ್ಟೊಡನೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಕಂಡಕ್ಟರುಗಳನ್ನು ಕೇಳಿದೆ, ಕಡಲೆಕಾಯಿ ಮಾರುವವಳನ್ನು ಕೇಳಿದೆ. ಅಂಥವನನ್ನು ಯಾರೂ ಕಂಡಿರಲಿಲ್ಲ. ನಮ್ಮ ಹೆಡ್ ಮಾಸ್ಟರು ಮಾತ್ರ ನನ್ನನ್ನು ಅಲ್ಲಿ ಕಂಡು, ಮನೆಯಲ್ಲಿ ಜಗಳವೇ ಎಂದು ಕಾಳಜಿಯಿಂದ ವಿಚಾರಿಸಿದರು.

ಉಳಿದದ್ದು ಕಥೆಯೊಂದೇ ದಾರಿ. ಕೊಡೆಯವನು ಪುಟ್ಟವ್ವನ ಮುಂದೆ ಬಂದು ನಿಲ್ಲುತ್ತಾನೆ, ಮನೆಗೆ ಹೋಗಬೇಕು ಎನ್ನುತ್ತಾನೆ. ಪುಟ್ಟವ್ವ, “ನಿನ್ನ ಜಾಗ ಆ ಮನೇಲಿ ತುಂಬೋಗ್ಯದೆ ಕಣಪ್ಪ, ಬಂದ ದಾರೀಲೇ ಓಗು” ಎಂದು ತೀರ್ಪು ಕೊಡುತ್ತಾಳೆ. ಅವನು ತೆಪ್ಪ ಹತ್ತಿ ಆಚೆದಡಕ್ಕೆ ಹೊರಟುಹೋಗುತ್ತಾನೆ, ನಮಗೆ ಬೆನ್ನು ಮಾಡಿ. ಬೆನ್ನು ಬರೆಯುವಾಗ ಶಿವಣ್ಣ ತಿಣುಕಾಡಿದ. “ಅವ್ನ ಬೆನ್ನು ನಾನು ನೋಡೇ ಇಲ್ವಲ್ಲ ಸಾ. ಯಾವಾಗ್ಲೂ ಈ ಕಡೀಕೇ ನೋಡೋನು” ಎಂದ. ಕೊನೆಗೆ ತನ್ನ ಮಾವನ ಬೆನ್ನನ್ನು ನೋಡಿಕೊಂಡು ಬರೆದ. ಅಭ್ಯಾಸಬಲದಿಂದ ನಾನು ಕೆಳಗೆ ‘ಹಿಂದೆ ನಾಲ್ಕು ಜನ ಇರಲಿ’ ಎಂದು ಸೇರಿಸಿದ್ದೆ.

ಸಂಚಿಕೆ ಬಂದ ದಿನವೇ ಜಯಮ್ಮನ ಫೋನು. ಮೆಷಿನ್ನಿನ ಸದ್ದು ಹಿಂದಿನಿಂದ ಜೋರಾಗಿ ಕೇಳುತ್ತಿತ್ತು, ಮಗಳೇ ತುಳಿಯುತ್ತಿದ್ದಳಂತೆ. “ಸಾ, ಮೊನ್ನೆಯಿಂದ ನಮ್ ಬಾಗ್ಲ ಪಕ್ಕ ಒಂದು ಕೊಡೆ ಒರಗಿಸಿತ್ತು. ಯಾರೂ ಮುಟ್ನಿಲ್ಲ ನಾವು. ನಿಮ್ ಪುಸ್ತಕ ಬಂತಲ್ಲ, ಈಚೆಗ್ ಬಂದು ನೋಡ್ತೀನಿ, ಕೊಡೆ ಇಲ್ಲ. ಒಂಟೋದ ಸಾ, ಒಂಟೋದ.” ಆಕೆ ಅತ್ತಳು. ನನ್ನ ಕಣ್ಣಿನಲ್ಲೂ ನೀರು ಬಂತು. ನನ್ನ ಬರವಣಿಗೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಫೋನಿಡುವ ಮುಂಚೆ ಆಕೆ, “ಆದ್ರೆ ಸಾ, ಆ ದಿಬ್ಬದ ಮೇಲೆ ಕನ್ನಡಕ ಆಕ್ಕಂಡು ನಿಂತಿರೋರು ನೀವಲ್ವಾ?” ಎಂದಳು.

ಸುಮಾಳ ಭೂತಗನ್ನಡಿಯಿಟ್ಟು ನೋಡಿದೆ. ಹೌದು, ಎಳ್ಳಿನಷ್ಟು ನಾನು. ಶಿವಣ್ಣನ ಬಳಿಗೆ ಓಡಿದೆ. “ತಿಂಗ್ಳೆಲ್ಲ ಬಸ್ ಸ್ಟ್ಯಾಂಡಲ್ಲಿ ನೀವೇ ಇದ್ರಲ್ಲ ಸಾ, ಅದ್ಕೆ ಬರ್ದೆ” ಎಂದ, ನಕ್ಕ. ಅಷ್ಟೇ ತಾನೇ ಎಂದು ಸಮಾಧಾನವಾಯಿತು. “ಸರಿ ಕಣಯ್ಯ, ಆದರೆ ಕಂಕುಳಲ್ಲಿ ಕೊಡೆ ಯಾಕೆ?” ಎಂದೆ. “ಇಡ್ಕಂಡಿದ್ರಲ್ಲ ಸಾ” ಎಂದ. ನನ್ನ ಹತ್ತಿರ ಇರುವುದು ರೇನ್‌ಕೋಟು. ನಾನು ಜನ್ಮದಲ್ಲಿ ಕೊಡೆ ಕೊಂಡವನಲ್ಲ.

ಇನ್ನು ಮುಂದೆ ನನ್ನನ್ನು ಬರೆಯಕೂಡದು ಎಂದು ಶಿವಣ್ಣನಿಗೆ ತಾಕೀತು ಮಾಡಿದ್ದೇನೆ, ಅವನೂ ಬರೆದಿಲ್ಲವೆಂದು ಆಣೆ ಇಡುತ್ತಾನೆ. ಬಸ್ ಸ್ಟ್ಯಾಂಡಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದೇನೆ. ಈ ತಿಂಗಳ ಸಂಚಿಕೆ ನಿನ್ನೆ ಬಂತು. ಬಿಡಿಸಿ ನೋಡುವ ಧೈರ್ಯವಾಗದೆ ಟೀಪಾಯಿಯ ಮೇಲೆ ಹಾಗೇ ಇಟ್ಟಿದ್ದೆ. ಸುಮಾ ಕಾಫಿ ಕುಡಿಯುತ್ತ ಅದನ್ನು ಬಿಡಿಸಿದಳು, ಪುಟ ಮಗುಚಿದಳು, ಭೂತಗನ್ನಡಿಯನ್ನು ಪಕ್ಕಕ್ಕಿಟ್ಟಳು.

“ಹೋದ ಸಲಕ್ಕಿಂತ ಎಷ್ಟು ಚೆನ್ನಾಗಿ ಕಾಣ್ತಿದ್ದೀರಿ ರೀ,” ಎಂದಳು. “ನೋಡಿ, ನನ್ನನ್ನೇ ನೋಡ್ತಾ ಇದ್ದೀರಿ.”